ಮೂರು ಸಲ ‘ಬೇಡ’ ಎಂದವಳು: ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಬಗ್ಗೆ

ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಪ್ರಕಟವಾದದ್ದು 1813ರ ಜನವರಿಯಲ್ಲಿ. ಇಷ್ಟು ವರ್ಷ ಕಳೆದರೂ ಓದುಗರು ಅದನ್ನು ಏಕೆ ಕೈಬಿಟ್ಟಿಲ್ಲ ಎಂದು ಕೇಳಿದರೆ ಹೆಚ್ಚಿನವರು ನಾಯಕ ಡಾರ್ಸಿಯ ಹೆಸರು ಹೇಳುತ್ತಾರೆ. ಎತ್ತರದ ಆಳು, ಮಾತು ಕಡಿಮೆ, ವರ್ಷಕ್ಕೆ ಹತ್ತು ಸಾವಿರ ಪೌಂಡು ವರಮಾನ, ಮೇಲ್ನೋಟಕ್ಕೆ ಒರಟ, ಒಳಗೆ ಒಳ್ಳೆಯವನು. ಅಂಥ ಗಂಡುಗಳು ಆಮೇಲೆ ಬಂದ ಸಾವಿರಾರು ಪ್ರೇಮಕಾದಂಬರಿಗಳಲ್ಲೂ ಇದ್ದಾರೆ. ಅವುಗಳಲ್ಲಿ ಬಹುಪಾಲು ಪುಸ್ತಕಗಳನ್ನು ಈಗ ಕೇಳುವವರಿಲ್ಲ. ನನ್ನ ಮಟ್ಟಿಗೆ ಈ ಪುಸ್ತಕ ಉಳಿದಿರುವುದು ಎಲಿಜಬೆತ್ ಬೆನೆಟ್ ಎಂಬ ಇಪ್ಪತ್ತು ವರ್ಷದ ಹುಡುಗಿ ಹೇಳುವ ಮೂರು ‘ಬೇಡ’ಗಳಿಂದ.

ನಾನು ಆಸ್ತಿ ಪತ್ರಗಳನ್ನು ಪರಿಶೀಲಿಸುವ ಕೆಲಸದವಳು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಹತ್ತಿರ ವಕೀಲರೊಬ್ಬರ ಕಚೇರಿಯಲ್ಲಿ ಕ್ರಯಪತ್ರ, ವಿಭಾಗಪತ್ರ, ವಂಶವೃಕ್ಷ, ಋಣಭಾರ ಪತ್ರ ಇವುಗಳ ನಡುವೆಯೇ ನನ್ನ ಹಗಲು ಕಳೆಯುತ್ತದೆ. ಕಾದಂಬರಿ ಓದುವುದೆಲ್ಲ ಮೆಟ್ರೊದಲ್ಲಿ: ಬನಶಂಕರಿಯಿಂದ ಮೆಜೆಸ್ಟಿಕ್‌ವರೆಗೆ ಹಸಿರು ಮಾರ್ಗ, ಅಲ್ಲಿಂದ ನೇರಳೆ. ತಾಯಿಯ ಕಾಲಕ್ಕೆ ಬಡಾವಣೆಯ ಬಾಡಿಗೆ ಗ್ರಂಥಾಲಯದಿಂದ ತ್ರಿವೇಣಿ, ಎಂ.ಕೆ. ಇಂದಿರಾ ಮನೆಗೆ ಬರುತ್ತಿದ್ದರು. ನನ್ನ ಓದು ಶುರುವಾದದ್ದೂ ಅವರಿಂದಲೇ. ಆ ಲೇಖಕಿಯರನ್ನು ಓದಿ ಬೆಳೆದವರಿಗೆ ಆಸ್ಟಿನ್ ಪರಕೀಯಳೆನಿಸುವುದಿಲ್ಲ. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು, ಬಾಯಿ ಬಿಗಿಹಿಡಿಯದ ತಾಯಿ, ಪುಸ್ತಕದ ಹಿಂದೆ ಅಡಗಿ ಕೂರುವ ತಂದೆ, ನೆರೆಮನೆಯವರ ಲೆಕ್ಕಾಚಾರ: ಇವರೆಲ್ಲ ನಮಗೆ ಗೊತ್ತಿರುವವರೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳನೆಯ ಅಧ್ಯಾಯದ ಮೊದಲ ಸಾಲುಗಳು. ಬೆನೆಟ್ ಕುಟುಂಬದ ಜಮೀನಿನಿಂದ ವರ್ಷಕ್ಕೆ ಎರಡು ಸಾವಿರ ಪೌಂಡು ವರಮಾನವಿದೆ. ಐದು ಹೆಣ್ಣುಮಕ್ಕಳಿದ್ದಾರೆ. ಆಸ್ತಿ ಗಂಡು ಸಂತಾನಕ್ಕೆ ಮಾತ್ರ ಇಳಿಯಬೇಕೆಂದು ಹಿಂದೆಯೇ ಕಟ್ಟುಪಾಡಾಗಿರುವುದರಿಂದ ತಂದೆ ಸತ್ತ ಮರುದಿನ ಎಲ್ಲವೂ ದೂರದ ಸಂಬಂಧಿ ಕಾಲಿನ್ಸ್ ಎಂಬುವನ ಪಾಲು. ತಾಯಿಗೆ ಅವಳ ತಂದೆ, ಊರಿನ ವಕೀಲ, ಬಿಟ್ಟುಹೋದದ್ದು ನಾಲ್ಕು ಸಾವಿರ. ಒಂದು ಮಗ ಹುಟ್ಟಿದ್ದರೆ, ಅವನು ವಯಸ್ಕನಾದ ಮೇಲೆ ತಂದೆಯ ಜೊತೆ ಸಹಿ ಹಾಕಿ ಆ ಕಟ್ಟನ್ನು ಬಿಡಿಸಬಹುದಿತ್ತು. ಆ ಮಗನಿಗಾಗಿ ಕಾಯುತ್ತ ಬೆನೆಟ್ ಸಾಹೇಬರು ಕೂಡಿಡುವುದನ್ನೇ ಮರೆತರು. ಇಷ್ಟು ನಿಖರವಾಗಿ ಆಸ್ತಿಯ ಸ್ಥಿತಿ ಹೇಳುವ ಪ್ರೇಮಕಾದಂಬರಿ ನಾನು ಬೇರೆ ಓದಿಲ್ಲ. ಓದುವವರು ಬೇಕಾದರೆ ಕಾಗದ ತೆಗೆದುಕೊಂಡು ಈ ಮನೆಯ ವಂಶವೃಕ್ಷ ಬರೆದು, ಪ್ರತಿ ಹೆಣ್ಣುಮಗಳ ಹೆಸರಿನ ಮುಂದೆ ಅವಳ ಪಾಲು ಎಷ್ಟೆಂದು ಗುರುತಿಸಬಹುದು. ಎಲಿಜಬೆತ್ ಹೆಸರಿನ ಮುಂದೆ ಬರುವುದು ಒಂದು ಸಾವಿರ ಪೌಂಡು, ಅದೂ ತಾಯಿ ತೀರಿಕೊಂಡ ಮೇಲೆ.

ಆ ಲೆಕ್ಕವನ್ನು ಅವಳ ಮುಖಕ್ಕೇ ಹೇಳುವವನು ಕಾಲಿನ್ಸ್. ಮದುವೆ ಪ್ರಸ್ತಾಪ ಮಾಡಲು ಬಂದವನು ತನಗೆ ಹೆಂಡತಿ ಏಕೆ ಬೇಕೆಂಬ ಕಾರಣಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ, ನಿನಗಿರುವ ಹಣ ಇಷ್ಟೇ, ಇನ್ನೊಬ್ಬ ಕೇಳಿಕೊಂಡು ಬರುತ್ತಾನೆಂಬ ಭರವಸೆ ಇಲ್ಲ ಎನ್ನುತ್ತಾನೆ. ಅವನನ್ನು ಒಪ್ಪಿಕೊಂಡರೆ ಹುಟ್ಟಿದ ಮನೆ ಕೈತಪ್ಪುವುದಿಲ್ಲ; ತಾಯಿ, ತಂಗಿಯರು ಬೀದಿಗೆ ಬೀಳುವುದಿಲ್ಲ. ಅವಳು ಬೇಡ ಎನ್ನುತ್ತಾಳೆ. ಅವನು ನಂಬುವುದಿಲ್ಲ, ಹೆಣ್ಣು ಮೊದಲ ಸಲ ಬೇಡ ಎನ್ನುವುದು ಪದ್ಧತಿ ಎಂದುಕೊಳ್ಳುತ್ತಾನೆ. ಅವಳು ಮತ್ತೆ ಹೇಳುತ್ತಾಳೆ, ಮತ್ತೆ ಹೇಳುತ್ತಾಳೆ. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ತಾಯಿ ಶಪಥ ಹಾಕುತ್ತಾಳೆ. ಈ ದೃಶ್ಯ ಓದುತ್ತ ನಗು ಬರುತ್ತದೆ, ನಿಜ. ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿಯುವುದು ಆ ಹುಡುಗಿಯ ಧೈರ್ಯ.

ಇಲ್ಲಿ ಲೇಖಕಿ ಮಾಡುವ ಇನ್ನೊಂದು ಕೆಲಸವನ್ನು ಗಮನಿಸಬೇಕು. ಎಲಿಜಬೆತ್ ಬೇಡ ಎಂದ ಗಂಡನ್ನು ಅವಳ ಆಪ್ತ ಗೆಳತಿ ಷಾರ್ಲಟ್ ಒಪ್ಪಿಕೊಳ್ಳುತ್ತಾಳೆ. ಮೂರು ದಿನದೊಳಗೆ ಎರಡು ಕಡೆ ಪ್ರಸ್ತಾಪವಿಟ್ಟವನನ್ನು! ಷಾರ್ಲಟ್‌ಗೆ ಇಪ್ಪತ್ತೇಳು ವರ್ಷ, ರೂಪವತಿಯಲ್ಲ, ಹಣವೂ ಇಲ್ಲ. ನನಗೆ ಬೇಕಿರುವುದು ನೆಮ್ಮದಿಯ ಒಂದು ಮನೆ, ಅಷ್ಟೇ ಎಂದು ಅವಳು ಗೆಳತಿಗೆ ನೇರವಾಗಿ ಹೇಳುತ್ತಾಳೆ. ನಮ್ಮ ಕಚೇರಿಯ ಕಿರಿಯ ವಕೀಲೆಗೆ ಈ ಪುಸ್ತಕ ಓದಲು ಕೊಟ್ಟಿದ್ದೆ. ವಾಪಸು ಕೊಡುವಾಗ ಅವಳು ಡಾರ್ಸಿಯ ಸುದ್ದಿಯನ್ನೇ ಎತ್ತಲಿಲ್ಲ. “ಅಕ್ಕ, ಷಾರ್ಲಟ್ ಮಾಡಿದ್ದು ತಪ್ಪೇ?” ಎಂದು ಕೇಳಿದಳು. “ನಿನಗೇನನ್ನಿಸಿತು?” ಎಂದೆ. “ನಮ್ಮ ದೊಡ್ಡಮ್ಮನೂ ಹಾಗೆಯೇ ಮದುವೆಯಾದರಂತೆ. ಚೆನ್ನಾಗಿಯೇ ಇದ್ದಾರೆ. ಆದರೆ ದೊಡ್ಡಪ್ಪ ಹೊರಗೆ ಹೋದಾಗ ಅವರ ಮುಖವೇ ಬೇರೆ ಆಗುತ್ತದೆ” ಎಂದಳು. ಕಾದಂಬರಿಯಲ್ಲಿ ಷಾರ್ಲಟ್ ಗಂಡನಿಗೆ ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಹುರಿದುಂಬಿಸುತ್ತಾಳೆ. ತಾನು ಕೂರುವುದಕ್ಕೆ ಅವನು ಪದೇಪದೇ ಬಾರದ ಹಿಂಬದಿಯ ಕೋಣೆಯನ್ನು ಆರಿಸಿಕೊಂಡಿದ್ದಾಳೆ. ಅಷ್ಟನ್ನು ತೋರಿಸಿ ಆಸ್ಟಿನ್ ಸುಮ್ಮನಾಗುತ್ತಾಳೆ, ತೀರ್ಪು ಕೊಡುವುದಿಲ್ಲ. ಗೆಳತಿಯರ ಈ ಎರಡು ದಾರಿಗಳು ಅಕ್ಕಪಕ್ಕ ಇರುವುದರಿಂದಲೇ ಎಲಿಜಬೆತ್ ಹೇಳಿದ ‘ಬೇಡ’ದ ಬೆಲೆ ನಮಗೆ ತಿಳಿಯುವುದು.

ಎರಡನೆಯ ‘ಬೇಡ’ ಡಾರ್ಸಿಗೆ. ಹತ್ತು ಸಾವಿರದ ವರಮಾನ, ಡರ್ಬಿಶೈರ್‌ನಲ್ಲಿ ಪೆಂಬರ್ಲಿ ಎಂಬ ದೊಡ್ಡ ಮನೆ. ಅವನು ಪ್ರೀತಿಯನ್ನು ಹೇಳಿಕೊಳ್ಳುತ್ತಲೇ ಅವಳ ಮನೆಯವರ ಕೀಳು ಸ್ಥಿತಿಯನ್ನೂ ಎತ್ತಿ ಆಡುತ್ತಾನೆ. ಅವಳು ಕೊಡುವ ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೊದಲ ಸಲ ಓದುವವರ ಆ ಸುಖವನ್ನು ಕಸಿದುಕೊಳ್ಳಬಾರದು. ನನಗೆ ಅದಕ್ಕಿಂತ ಪ್ರಿಯವಾದದ್ದು ಮರುದಿನದ ಘಟನೆ. ಅವನು ಒಂದು ದೀರ್ಘ ಪತ್ರ ಬರೆದು ಅವಳ ಕೈಗಿತ್ತು ಹೋಗುತ್ತಾನೆ. ಡಾರ್ಸಿ ತನಗೆ ಅನ್ಯಾಯ ಮಾಡಿದನೆಂದು ಎಲಿಜಬೆತ್‌ಳನ್ನು ನಂಬಿಸಿದ್ದ ವಿಕಮ್ ಎಂಬ ಸುಂದರ ಸೈನ್ಯಾಧಿಕಾರಿಯ ನಿಜ ಚರಿತ್ರೆ ಅದರಲ್ಲಿದೆ: ಡಾರ್ಸಿಯ ತಂದೆಯ ಉಯಿಲಿನಿಂದ ಅವನಿಗೆ ಬಂದ ಸಾವಿರ ಪೌಂಡು, ಪಾದ್ರಿಯ ಹುದ್ದೆ ಬೇಡವೆಂದು ಬದಲಿಗೆ ಪಡೆದ ಮೂರು ಸಾವಿರ, ಆಮೇಲೆ ಮೂವತ್ತು ಸಾವಿರದ ಒಡತಿಯಾದ ಡಾರ್ಸಿಯ ಹದಿನೈದು ವರ್ಷದ ತಂಗಿಯನ್ನು ಓಡಿಸಿಕೊಂಡು ಹೋಗಲು ಮಾಡಿದ ಸಂಚು. ಬರೆದದ್ದು ಸತ್ಯವೋ ಅಲ್ಲವೋ ಎಂದು ಬೇಕಿದ್ದರೆ ಉಯಿಲಿನ ನಿರ್ವಾಹಕರಲ್ಲಿ ಒಬ್ಬನಾದ ಕರ್ನಲ್ ಫಿಟ್ಜ್‌ವಿಲಿಯಂನನ್ನು ಕೇಳು ಎಂದು ಸಾಕ್ಷಿಯನ್ನೂ ಹೆಸರಿಸುತ್ತಾನೆ.

ಎಲಿಜಬೆತ್ ಆ ಪತ್ರವನ್ನು ಹೇಗೆ ಓದುತ್ತಾಳೆ ಎಂಬುದನ್ನು ನಮ್ಮ ಕಚೇರಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬರೂ ಓದಬೇಕು. ಮೊದಲ ಓದು ಕೋಪದಿಂದ, ಎಲ್ಲ ಸುಳ್ಳು ಎಂದುಕೊಂಡು. ಪತ್ರವನ್ನು ಮಡಿಸಿ ಒಳಗಿಡುತ್ತಾಳೆ, ಅರ್ಧ ನಿಮಿಷದಲ್ಲಿ ಮತ್ತೆ ಬಿಚ್ಚುತ್ತಾಳೆ. ಈಗ ಒಂದೊಂದು ವಾಕ್ಯವನ್ನೂ ತೂಗುತ್ತಾಳೆ. ವಿಕಮ್ ಹೇಳಿದ್ದಕ್ಕೆ ಅವನ ಮಾತಲ್ಲದೆ ಬೇರೆ ಯಾವ ಆಧಾರವಿತ್ತು? ಆಗತಾನೇ ಪರಿಚಯವಾದ ತನ್ನ ಮುಂದೆ ಅವನು ಅಷ್ಟೆಲ್ಲ ಹೇಳಿಕೊಂಡದ್ದೇಕೆ? ಡಾರ್ಸಿಯನ್ನು ಎದುರಿಸುತ್ತೇನೆಂದವನು ಅವನಿದ್ದ ನೃತ್ಯಕೂಟಕ್ಕೆ ಬಾರದೆ ತಪ್ಪಿಸಿಕೊಂಡನಲ್ಲ? ಎರಡು ಗಂಟೆಗಳ ಕಾಲ ಆ ದಾರಿಯಲ್ಲಿ ಅಲೆದಾಡಿ, ತನ್ನನ್ನು ತಾನೇ ಇದುವರೆಗೆ ಅರಿತಿರಲಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಇದು ಕಾದಂಬರಿಯ ನಟ್ಟನಡುವೆ ಬರುವ ಪ್ರಸಂಗ. ಪ್ರೇಮಕಥೆಯ ತಿರುವು ಮುತ್ತಿನಲ್ಲೋ ಮಳೆಯಲ್ಲೋ ಬರುವುದನ್ನು ನಾವು ನೋಡಿ ದಣಿದಿದ್ದೇವೆ. ಇಲ್ಲಿ ಅದು ಒಬ್ಬ ಹುಡುಗಿ ಕೈಯಲ್ಲಿರುವ ಕಾಗದವನ್ನು ನ್ಯಾಯವಾಗಿ ಓದುವುದರಲ್ಲಿ ಬರುತ್ತದೆ. ಅವಳ ಮನಸ್ಸು ಬದಲಾಗುವುದನ್ನು ಸಾಲುಸಾಲಾಗಿ ಕಾಣುತ್ತೇವಾದ್ದರಿಂದ ಮುಂದೆ ಹುಟ್ಟುವ ಪ್ರೀತಿಯನ್ನು ಅನುಮಾನಿಸಲು ಸಾಧ್ಯವೇ ಇಲ್ಲ.

ಡಾರ್ಸಿಯೂ ಬದಲಾಗುತ್ತಾನೆ. ಅದರ ಪುರಾವೆಯೂ ಹಣದ ಮೂಲಕವೇ ಬರುತ್ತದೆ. ಎಲಿಜಬೆತ್‌ಳ ಕಿರಿಯ ತಂಗಿ ಲಿಡಿಯಾ ಅದೇ ವಿಕಮ್ ಜೊತೆ ಓಡಿಹೋದಾಗ ಡಾರ್ಸಿ ಗುಟ್ಟಾಗಿ ಲಂಡನ್ನಿಗೆ ಹೋಗಿ ಅವನ ಸಾಲ ತೀರಿಸುತ್ತಾನೆ, ಲಿಡಿಯಾಳ ಹೆಸರಿಗೆ ಇನ್ನೊಂದು ಸಾವಿರ ಬರೆಯಿಸುತ್ತಾನೆ, ಅವನಿಗೆ ಸೈನ್ಯದಲ್ಲಿ ಹುದ್ದೆ ಕೊಡಿಸುತ್ತಾನೆ. ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಳ್ಳುತ್ತಾನೆ.

ಮೂರನೆಯ ‘ಬೇಡ’ಕ್ಕಾಗಿ ನಾನು ಈ ಪುಸ್ತಕವನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಡಾರ್ಸಿಯ ಚಿಕ್ಕಮ್ಮ ಲೇಡಿ ಕ್ಯಾಥರೀನ್ ಗಾಡಿ ಕಟ್ಟಿಸಿಕೊಂಡು ಬರುತ್ತಾಳೆ. ನನ್ನ ಅಕ್ಕನ ಮಗನನ್ನು ಎಂದೂ ಮದುವೆಯಾಗುವುದಿಲ್ಲ ಎಂದು ಮಾತು ಕೊಡು ಎನ್ನುತ್ತಾಳೆ. ಆ ಹೊತ್ತಿಗೆ ಡಾರ್ಸಿ ಎರಡನೆಯ ಸಲ ಕೇಳಿರುವುದೇ ಇಲ್ಲ. ಕೇಳುತ್ತಾನೆಂಬ ನಂಬಿಕೆಯೂ ಎಲಿಜಬೆತ್‌ಗೆ ಇಲ್ಲ. ಸುಮ್ಮನೆ ಹೂಂ ಎಂದುಬಿಟ್ಟರೆ ಆ ಹೆಂಗಸು ಹೊರಟುಹೋಗುತ್ತಾಳೆ. ಉಪ ನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಕೂತ ಹೆಣ್ಣುಮಕ್ಕಳನ್ನು ಎಷ್ಟೋ ವರ್ಷಗಳಿಂದ ನೋಡುತ್ತಿರುವ ನನಗೆ ಈ ಅಧ್ಯಾಯ ತೀರ ಹತ್ತಿರದ್ದು. ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲು ಬಂದವರು ಅವರು. “ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ” ಎಂಬ ಸಾಲನ್ನು ನಾವೇ ಟೈಪ್ ಮಾಡಿರುತ್ತೇವೆ. ಅರಿಶಿನ ಕುಂಕುಮಕ್ಕೆಂದು ಇಷ್ಟು ಕೊಡುತ್ತೇವೆ, ತವರಿನ ಬಾಗಿಲು ಮುಚ್ಚಿಕೊಳ್ಳಬೇಡ ಎಂದು ಹಿರಿಯರು ಹೇಳಿ ಕರೆತಂದಿರುತ್ತಾರೆ. ಕಾನೂನು ಅವರ ಪರವಾಗಿದೆ: ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳಿಗೆಂದು ಕಾಯ್ದೆ ತಂದಿತ್ತು, 1994ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಕರ್ನಾಟಕದ ತಿದ್ದುಪಡಿ ಬಂತು, 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂತು. ಆದರೂ ಹೆಬ್ಬೆಟ್ಟು ಒತ್ತುವ ಗಳಿಗೆಯಲ್ಲಿ ಎದುರು ಕೂತಿರುವುದು ಕಾನೂನಲ್ಲ, ಮನೆಯವರು. ಎಲಿಜಬೆತ್ ಮುಂದೆ ಕೂತಿರುವ ಲೇಡಿ ಕ್ಯಾಥರೀನ್ ಕೇಳುತ್ತಿರುವುದೂ ಒಂದು ಹಕ್ಕು ಬಿಡುಗಡೆ ಪತ್ರವನ್ನೇ, ಇನ್ನೂ ಹುಟ್ಟದ ಹಕ್ಕಿನದು. ಅಂಥ ಮಾತನ್ನು ನಾನು ಕೊಡುವುದಿಲ್ಲ ಎನ್ನುತ್ತಾಳೆ ಹುಡುಗಿ. ನನ್ನ ಸುಖ ಯಾವುದರಲ್ಲಿದೆಯೆಂದು ನಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ.

ಕಥೆ ಕಟ್ಟಿದ ಚೆಲುವು ನೋಡಿ. ಸಿಟ್ಟಾದ ಚಿಕ್ಕಮ್ಮ ನೇರ ಡಾರ್ಸಿಯ ಬಳಿ ಹೋಗಿ ದೂರು ಹೇಳುತ್ತಾಳೆ. ಆ ದೂರಿನಿಂದಲೇ ಅವನಿಗೆ ಆಸೆ ಹುಟ್ಟುತ್ತದೆ. ಎಲಿಜಬೆತ್ ಮುಚ್ಚುಮರೆಯಿಲ್ಲದವಳು, ನಿಜವಾಗಿ ತನ್ನನ್ನು ಒಲ್ಲದಿದ್ದರೆ ಆ ಮಾತನ್ನು ಚಿಕ್ಕಮ್ಮನ ಮುಖಕ್ಕೇ ಹೇಳುತ್ತಿದ್ದಳು ಎಂದು ಅವನಿಗೆ ಗೊತ್ತು. ಮೊದಲೆರಡು ಸಲ ಖಚಿತವಾಗಿ ಬೇಡ ಎಂದವಳಾದ್ದರಿಂದ ಮೂರನೆಯ ‘ಬೇಡ’ದೊಳಗಿನ ಒಪ್ಪಿಗೆ ಅವನಿಗೆ ಕೇಳಿಸುತ್ತದೆ. ಒಬ್ಬಳ ನಿರಾಕರಣೆಗೆ ಇಷ್ಟು ಗೌರವ ಕೊಟ್ಟ ಪ್ರೇಮಕಥೆಯನ್ನು ಓದುಗರು ಹೇಗೆ ಮರೆಯುತ್ತಾರೆ?

ಲೇಖಕಿಯ ಬದುಕೂ ಇದಕ್ಕೆ ಹೊರತಲ್ಲ. ಆಸ್ಟಿನ್ 1802ರ ಡಿಸೆಂಬರಿನಲ್ಲಿ ಹ್ಯಾರಿಸ್ ಬಿಗ್-ವಿದರ್ ಎಂಬ ಜಮೀನ್ದಾರರ ಮಗನಿಗೆ ಮದುವೆಗೆ ಒಪ್ಪಿಗೆ ಕೊಟ್ಟು, ಮರುದಿನ ಬೆಳಿಗ್ಗೆ ಅದನ್ನು ಹಿಂತೆಗೆದುಕೊಂಡಳು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಅಕ್ಕನೊಡನೆ ಸೋದರರ ನೆರವಿನಲ್ಲಿ ಬದುಕಿದಳು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಎಂಬ ಹಳ್ಳಿಯಲ್ಲಿ ಮನೆ ಕೊಟ್ಟ. ಇಪ್ಪತ್ತೊಂದರ ಪ್ರಾಯದಲ್ಲಿ ಬರೆದಿಟ್ಟಿದ್ದ ಈ ಕಥೆಯನ್ನು ಆ ಮನೆಯಲ್ಲಿ ತಿದ್ದಿ, ಹಕ್ಕುಸ್ವಾಮ್ಯವನ್ನು ಪ್ರಕಾಶಕನಿಗೆ 110 ಪೌಂಡಿಗೆ ಮಾರಿದಳು. 150 ಬೇಕೆಂದಿದ್ದಳು. ಮೊದಲ ಮುದ್ರಣದಲ್ಲಿ ಅವಳ ಹೆಸರೇ ಇಲ್ಲ. 1813ರಲ್ಲೇ ಎರಡನೆಯ ಮುದ್ರಣ ಬಂದರೂ ಅವಳ ಕೈಗೆ ಅದರಿಂದ ಏನೂ ಬರಲಿಲ್ಲ. 1817ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. 2017ರಿಂದ ಇಂಗ್ಲೆಂಡಿನ ಹತ್ತು ಪೌಂಡ್ ನೋಟಿನ ಮೇಲೆ ಅವಳ ಮುಖವಿದೆ.

ಕೊರತೆಗಳೂ ಇವೆ. ನಡುವಿನ ಇಬ್ಬರು ತಂಗಿಯರು, ಮೇರಿ ಮತ್ತು ಕಿಟ್ಟಿ, ಬರಿಯ ನೆರಳಿನಂತೆ ಓಡಾಡುತ್ತಾರೆ. ಮೇರಿಗೆ ಲೇಖಕಿ ಅನ್ಯಾಯ ಮಾಡಿದ್ದಾಳೆಂದೇ ನನ್ನ ಅಭಿಪ್ರಾಯ. ಓದುವ ಹುಡುಗಿಯನ್ನು ನಗೆಪಾಟಲು ಮಾಡಬೇಕಿರಲಿಲ್ಲ. ಅಡುಗೆ ಮಾಡುವ, ಕಾಗದ ತಲುಪಿಸುವ ಆಳುಕಾಳುಗಳಲ್ಲಿ ಪೆಂಬರ್ಲಿಯ ಮನೆವಾರ್ತೆ ನೋಡಿಕೊಳ್ಳುವ ರೆನಾಲ್ಡ್ಸ್ ಬಿಟ್ಟರೆ ಮನಸ್ಸಿನಲ್ಲಿ ಉಳಿಯುವವರಿಲ್ಲ. ಧೈರ್ಯಕ್ಕೆ ಪ್ರತಿಫಲವಾಗಿ ಇಷ್ಟು ದೊಡ್ಡ ಶ್ರೀಮಂತ ಸಿಗುವುದು ಎಲ್ಲರ ಬಾಳಿನಲ್ಲಿ ನಡೆಯುವಂಥದ್ದಲ್ಲ. ಈ ಕೊನೆಯ ದೂರಿಗೆ ಷಾರ್ಲಟ್‌ಳೇ ಪುಸ್ತಕದೊಳಗಿನ ಉತ್ತರ.

ಇನ್ನು ಕೊಳ್ಳುವ ವಿಚಾರ. ಹಕ್ಕುಸ್ವಾಮ್ಯ ಮುಗಿದು ಬಹುಕಾಲವಾಗಿರುವುದರಿಂದ ಹತ್ತಾರು ಪ್ರಕಾಶಕರು ಇದನ್ನು ಅಚ್ಚುಹಾಕುತ್ತಾರೆ. ಅಗ್ಗದ ಒಂದು ಪ್ರತಿ ನನ್ನ ಬಳಿ ಇತ್ತು: ಅಕ್ಷರ ಇರುವೆಯಷ್ಟು, ಡಾರ್ಸಿಯ ಪತ್ರದ ನಡುವೆ ಎರಡು ಪುಟಗಳೇ ಇಲ್ಲ. ಕೊಳ್ಳುವ ಮುನ್ನ ಆ ಪತ್ರವಿರುವ 35ನೆಯ ಮತ್ತು ಲೇಡಿ ಕ್ಯಾಥರೀನ್ ಬರುವ 56ನೆಯ ಅಧ್ಯಾಯಗಳನ್ನು ತಿರುವಿ ನೋಡಿ. ಮೂಲದಂತೆ ಮೂರು ಸಂಪುಟಗಳಾಗಿ ಅಂಕಿ ಹಾಕಿರುವ ಪ್ರತಿಯಾದರೆ ಅವು ಎರಡನೆಯ ಸಂಪುಟದ 12 ಹಾಗೂ ಮೂರನೆಯದರ 14. ಒಟ್ಟು 61 ಅಧ್ಯಾಯಗಳಿರಬೇಕು. ಕಡಿಮೆ ಇದ್ದರೆ ಅದು ಸಂಕ್ಷೇಪ, ಬಿಟ್ಟುಬಿಡಿ. ಕೊನೆಯಲ್ಲಿ ಟಿಪ್ಪಣಿಗಳಿರುವ ಪ್ರತಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆಸ್ತಿಯ ಕಟ್ಟುಪಾಡು, ಶೇಕಡಾ ನಾಲ್ಕರ ಬಡ್ಡಿಪತ್ರ ಇವೆಲ್ಲ ಅರ್ಥವಾದರೆ ಕಥೆಯ ರುಚಿ ಇಮ್ಮಡಿಸುತ್ತದೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿಯಲ್ಲಿ ಹಳೆಯ ಪ್ರತಿಗಳು ಆಗಾಗ ಸಿಗುತ್ತವೆ. ನನ್ನ ಈಗಿನ ಪ್ರತಿ ಅಲ್ಲಿಯದೇ, ಹಿಂದಿನ ಓದುಗರು ಪೆನ್ಸಿಲ್‌ನಲ್ಲಿ ಪೌಂಡುಗಳ ಕೆಳಗೆಲ್ಲ ಗೆರೆ ಎಳೆದಿದ್ದಾರೆ. ಇಂಗ್ಲಿಷ್ ಕಷ್ಟವೆನಿಸಿದರೆ ಮೊದಲ ಅಧ್ಯಾಯದ ಗಂಡಹೆಂಡಿರ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ವಾಕ್ಯ ಉದ್ದವೆನಿಸಿದರೂ ಕಿವಿಗೆ ಬೇಗ ಹತ್ತುತ್ತದೆ.