ಸೆಮಿ ಮೆಟಾಲಿಕ್ ಬ್ರೇಕ್ ಪ್ಯಾಡ್: ಬೆಳಗಿನ ಕಿರುಚಾಟ ತಡೆದುಕೊಳ್ಳುವವರಿಗೆ ಮಾತ್ರ

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಕಬ್ಬಿಣದ ಎಳೆ, ಪುಡಿ ಬೆರೆಸಿದ ಈ ಬ್ರೇಕ್ ಪ್ಯಾಡ್ ಕಿರುಚುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಅಂಗಳದಲ್ಲಿ ನೆನೆದ ಬೊಲೆರೊ ಪಿಕಪ್ಪನ್ನು ಬೆಳಗ್ಗೆ ಐದಕ್ಕೆ ತೆಗೆದರೆ, ಗೇಟಿನ ಹತ್ತಿರ ಮೊದಲ ಬ್ರೇಕಿಗೇ ಕೀಂಯ್ ಅನ್ನುತ್ತದೆ, ಪಕ್ಕದ ಮನೆಯ ನಾಯಿ ಎದ್ದು ಬೊಗಳುತ್ತದೆ, ಆಮೇಲೆ ನಾಯಿಯ ಯಜಮಾನರು ಶುರು ಮಾಡುತ್ತಾರೆ. ಚಕ್ರದ ಜತೆ ತಿರುಗುವ ಡಿಸ್ಕಿಗೂ, ಅದನ್ನು ಒತ್ತಿ ಹಿಡಿಯುವ ಪ್ಯಾಡಿನೊಳಗಿನ ಕಬ್ಬಿಣಕ್ಕೂ ತೆಳುವಾಗಿ ತುಕ್ಕು ಹಿಡಿದಿರುತ್ತದೆ. ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಅದು ಉಜ್ಜಿ ಹೋಗುತ್ತದೆ, ಸದ್ದೂ ಅರ್ಧ ಇಳಿಯುತ್ತದೆ. ತಣ್ಣಗಿದ್ದಾಗ ಹಿಡಿತವೂ ಸ್ವಲ್ಪ ಮಂದ. ಚಕ್ರದ ತುಂಬಾ ಕಪ್ಪು ಪುಡಿ ಬೇರೆ, ಎಷ್ಟು ತೊಳೆದರೂ ಮಾರನೇ ದಿನ ಹಾಜರು.

ಊರೊಳಗೆ ಮಾತ್ರ ಓಡಿಸುವವನಾಗಿದ್ದರೆ ಯಾವತ್ತೋ ಬಿಚ್ಚಿ ಎಸೆಯುತ್ತಿದ್ದೆ. ಆದರೆ ನನ್ನ ಬಾಡಿಗೆ ಮೂಡಿಗೆರೆಯಿಂದ ಮಂಗಳೂರಿಗೆ. ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಾಟಿ, ಹಿಂದೆ ಒಂದೂವರೆ ಟನ್ ಶುಂಠಿ, ಮುಂದೆ ಮಂಜು.

ಮೊದಲು ನಾರು, ರಾಳ ಸೇರಿಸಿ ಮಾಡಿದ ಆರ್ಗ್ಯಾನಿಕ್ ಪ್ಯಾಡ್ ಇತ್ತು. ಮೆತ್ತಗೆ, ಸದ್ದಿಲ್ಲ, ಬೆಲೆಯೂ ಕಡಿಮೆ. ಆದರೆ ಲೋಡ್ ಹಾಕಿ ಘಾಟಿ ಇಳಿಯುವಾಗ ಅರ್ಧ ದಾರಿಗೇ ಸುಟ್ಟ ವಾಸನೆ, ಪೆಡಲ್ ಗಟ್ಟಿಯಾಗೇ ಇದೆ, ಗಾಡಿ ಮಾತ್ರ ನಿಲ್ಲುವ ಮನಸ್ಸು ಮಾಡುವುದಿಲ್ಲ. ಪ್ಯಾಡಿನಲ್ಲಿ ಅಂಟಿಗೆ ಹಾಕಿರುವ ರಾಳ ಬಿಸಿಗೆ ಗ್ಯಾಸ್ ಬಿಡುತ್ತದೆ, ಹಿಡಿತ ಹೋಗುತ್ತದೆ. ಪೆಡಲ್ ಮೆತ್ತಗಾಗಿ ಕೆಳಗೇ ಹೋದರೆ ಅದು ಬೇರೆ ಕತೆ, ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಕುದಿದಿದೆ ಅಂತ. ಎರಡಕ್ಕೂ ಮದ್ದು ಬೇರೆ ಬೇರೆ. ಸುಮ್ನೆ ಪ್ಯಾಡ್ ಬದಲಾಯಿಸಿ ದುಡ್ಡು ಕಳೆಯಬೇಡಿ.

ಅಂಗಡಿಯವರು ಪಿಂಗಾಣಿ ಜಾತಿಯ ಎಳೆ ಇರುವ ಸೆರಾಮಿಕ್ ಪ್ಯಾಡ್ ಹಾಕಿಸಿ ಅಂದರು. ಭಾವನ ಕಾರಿಗೆ ಅದೇ ಇದೆ, ನಿಜಕ್ಕೂ ಸದ್ದಿಲ್ಲ, ಚಕ್ರವೂ ಚೊಕ್ಕ. ಆದರೆ ಸೆರಾಮಿಕ್ ಬಿಸಿಯನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ, ಜಾಸ್ತಿ ಬಿಸಿ ಡಿಸ್ಕಿನಲ್ಲೇ ಉಳಿಯುತ್ತದೆ. ಲೋಡ್ ಗಾಡಿಗೆ ಅದು ಬೇಡ ಅನ್ನಿಸಿತು. ಬೆಲೆ ಕೇಳಿದ ಮೇಲಂತೂ ಇನ್ನೂ ಬೇಡ ಅನ್ನಿಸಿತು.

ಸೆಮಿ ಮೆಟಾಲಿಕ್ ಬಿಸಿಯಾದ ಮೇಲೇ ಚೆನ್ನಾಗಿ ಕಚ್ಚುತ್ತದೆ. ಘಾಟಿಯ ಮೇಲೆ ಗೊರಗೊರ ಅಂದುಕೊಂಡು ಹೊರಟದ್ದು, ಕೆಳಗಿನ ತಿರುವುಗಳಿಗೆ ಬರುವ ಹೊತ್ತಿಗೆ ಪಾದ ಇಟ್ಟಷ್ಟಕ್ಕೇ ಉತ್ತರ ಕೊಡುತ್ತದೆ. ಸೆಕೆಂಡ್ ಗೇರಿನಲ್ಲಿ ಎಂಜಿನ್ ತಡೆಯಬೇಕು, ಬ್ರೇಕ್ ಬರೀ ಸಹಾಯಕ್ಕೆ, ಅದು ಯಾವ ಪ್ಯಾಡ್ ಹಾಕಿದರೂ ಅಷ್ಟೇ. ಅಣ್ಣಪ್ಪಸ್ವಾಮಿ ದೇವಸ್ಥಾನದ ಹತ್ತಿರ ಎಲ್ಲ ಡ್ರೈವರುಗಳ ಹಾಗೆ ನಾನೂ ನಿಲ್ಲಿಸುತ್ತೇನೆ. ಕೈ ಮುಗಿದು, ಕಾಣಿಕೆ ಹಾಕಿ, ಆಮೇಲೆ ಮುಂದಿನ ಎರಡೂ ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡುತ್ತೇನೆ. ದೂರದಿಂದ ನೋಡಿದವರಿಗೆ ಚಕ್ರಕ್ಕೂ ನಮಸ್ಕಾರ ಮಾಡುತ್ತಿದ್ದಾನೆ ಅನ್ನಿಸಬೇಕು. ಒಂದು ಚಕ್ರ ಜಾಸ್ತಿ ಕಾದಿದ್ದರೆ ಆ ಕಡೆಯ ಕ್ಯಾಲಿಪರ್, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಬಿಡದೆ ಹಿಡಿದುಕೊಂಡಿದೆ ಅಂತ ಲೆಕ್ಕ. ಕೈ ಹತ್ತಿರ ಹಿಡಿದರೆ ಸಾಕು, ಮುಟ್ಟಬೇಡಿ. ಈಗೀಗ ಅಲ್ಲಿ ಸುಟ್ಟ ವಾಸನೆ ಇಲ್ಲ. ಬೆಳಗ್ಗೆ ಬೈದದ್ದು ಅಲ್ಲಿ ಮರೆತೇ ಹೋಗುತ್ತದೆ.

ಹಾಕಿಸುವವರಿಗೆ ಒಂದೆರಡು ಮಾತು. ಈ ಪ್ಯಾಡ್ ಬಿಸಿಯನ್ನು ಹಿಂದಕ್ಕೆ, ಕ್ಯಾಲಿಪರಿಗೆ ದಾಟಿಸುತ್ತದೆ, ಅದಕ್ಕೇ ಬ್ರೇಕ್ ಆಯಿಲ್ ಹಳೆಯದಿದ್ದರೆ ಜತೆಗೇ ಬದಲಾಯಿಸಿ. ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆಯ ಮಳೆ ಕೇಳಬೇಕಾ? ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹೊಸ ಪ್ಯಾಡ್ ಹಾಕಿಸಿದ ದಿನವೇ ಲೋಡ್ ಹೇರಿ ಘಾಟಿಗೆ ಹೊರಡಬೇಡಿ. ಖಾಲಿ ಗಾಡಿಯಲ್ಲಿ ಐವತ್ತರ ವೇಗದಿಂದ ಹತ್ತಕ್ಕೆ ಮೆಲ್ಲಗೆ ಇಳಿಸುವುದನ್ನು ಹಲವು ಸಲ ಮಾಡಿ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು.

ಡಿಸ್ಕ್ ಬೇಗ ಸವೆಯುತ್ತದೆ, ಅದೂ ಸುಳ್ಳಲ್ಲ. ನನ್ನದರ ಅಂಚಿನಲ್ಲಿ ಈಗಾಗಲೇ ಏಣು ಎದ್ದಿದೆ, ಮುಂದಿನ ಸಲ ಪ್ಯಾಡಿನ ಜತೆ ಡಿಸ್ಕಿನ ಖರ್ಚೂ ಸೇರುತ್ತದೆ. ಆದರೂ ಇದನ್ನೇ ಹಾಕಿಸುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್, ಪಕ್ಕದ ಮನೆಯವರನ್ನು ಕೇಳಿದರೆ ಒಂದು.