ಒದ್ದೆ ಬೆರಳಿಗೆ ಯಾವುದು: ಸ್ಕ್ಯಾನರ್, ಶಾಯಿ, ಪುಡಿ

ಮಳೆಗಾಲದಲ್ಲಿ ತುಂಗೆಯಲ್ಲಿ ತೇಲಿ ಬರುವ, ಗುರುತು ಸಿಗದ ಶವಗಳ ಬೆರಳಚ್ಚು ತೆಗೆಯುವುದು ಶಿವಮೊಗ್ಗದಲ್ಲಿ ನನ್ನ ಕೆಲಸದ ಒಂದು ಭಾಗವಾಗಿತ್ತು. ಈಚೆಗೆ ಕಿರಿಯರೊಬ್ಬರು, "ಸರ್, ಗುಡ್ಡ ಕುಸಿದ ಕಡೆಗೆ ಹೊರಟರೆ ಚೀಲದಲ್ಲಿ ಏನಿರಬೇಕು?" ಎಂದು ಕೇಳಿದರು. ಮೂರು ಬಗೆಯನ್ನೂ ಬಳಸಿದವನಾದ್ದರಿಂದ ಹೇಳುತ್ತೇನೆ.

ಸಾವಾಗಿ ಕೆಲವೇ ಗಂಟೆಯಾಗಿದ್ದು ಕೈ ಒಣಗಿದ್ದರೆ ಅಂಗೈಯಗಲದ ಸ್ಕ್ಯಾನರ್ ಸಾಕು. ಹತ್ತು ಬೆರಳು ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಗಾಜಿನ ಮೇಲೆ ನೀರಿನ ಪಸೆಯಿದ್ದರೆ ರೇಖೆಗಳ ನಡುವಿನ ಸಂದೂ ತುಂಬಿಕೊಂಡು ಪರದೆಯಲ್ಲಿ ಬರೀ ಕಪ್ಪು ಮಚ್ಚೆ ಮೂಡುತ್ತದೆ. ಆಗುಂಬೆಯ ಕಡೆ ಜುಲೈಯಲ್ಲಿ ಒಣಗಿದ ಬಟ್ಟೆಯೇ ಸಿಗುವುದಿಲ್ಲ, ಒಣಗಿದ ಬೆರಳೆಲ್ಲಿ!

ಒಮ್ಮೆ ನನ್ನ ಕೈಯನ್ನೇ ಒಂದು ಗಂಟೆ ಬಕೆಟ್ಟಿನಲ್ಲಿ ನೆನೆಸಿ ಪರೀಕ್ಷಿಸಿದೆ. ಅಚ್ಚು ಚೆನ್ನಾಗಿಯೇ ಬಂತು. ಹುಡುಗಾಟದ ಪರೀಕ್ಷೆ ಅದು. ಬದುಕಿರುವವರ ಬೆರಳು ಸುಕ್ಕಾಗುವುದು ನರಗಳ ಚಿತಾವಣೆಯಿಂದ. ಶವದ ಬೆರಳು ನೀರು ಕುಡಿದು ಬಿಳಿಚಿ, ಕೊನೆಗೆ ಚರ್ಮವೇ ಕೈಗವಸಿನಂತೆ ಕಳಚಿ ಬರುತ್ತದೆ.

ಶಾಯಿ ಮತ್ತು ತೋಡಿದ ಚಮಚ ಹಳೆಯ ಜೋಡಿ. ಸೆಟೆದ ಬೆರಳನ್ನು ಕಾಗದದ ಮೇಲೆ ಉರುಳಿಸಲಾಗದು. ಕಾಗದದ ಪಟ್ಟಿಯನ್ನು ಚಮಚದ ತಗ್ಗಿಗೆ ಸಿಕ್ಕಿಸಿ ಬೆರಳಿಗೇ ಒತ್ತಬೇಕು. ಬ್ಯಾಟರಿಯ ಹಂಗಿಲ್ಲ. ಶಾಯಿ ಸ್ವಲ್ಪ ಹೆಚ್ಚಾದರೂ ಮೆತ್ತಿಕೊಳ್ಳುತ್ತದೆ, ಒರೆಸಿ ಮತ್ತೆ ಹಚ್ಚುವಾಗ ಮೆತ್ತಗಾದ ಚರ್ಮ ಹರಿಯುತ್ತದೆ. ಅದೇ ನನಗೆ ಭಯ.

ನನ್ನ ಮತ ಕಪ್ಪು ಪುಡಿಗೆ. ಬೆರಳನ್ನು ಸ್ಪಿರಿಟ್ಟಿನಿಂದ ಮೆಲ್ಲಗೆ ಒತ್ತಿ ಒಣಗಿಸಿ, ಸುಕ್ಕು ಬಿಡದಿದ್ದರೆ ಇನ್ನೇನು ಕುದಿಯಬೇಕೆನ್ನುವ ಬಿಸಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದು ಮತ್ತೆ ಒಣಗಿಸಿ, ಕುಂಚದಿಂದ ತೆಳ್ಳಗೆ ಪುಡಿ ಸವರಿ, ಬಿಳಿ ಅಂಟುಚೀಟಿ ಒತ್ತಿ ಎಬ್ಬಿಸಿದರೆ ಸ್ಕ್ಯಾನರ್ ಕೈಚೆಲ್ಲಿದ ಬೆರಳೂ ಮಾತಾಡುತ್ತದೆ. ನಿಧಾನ, ನಿಜ.

ಪುಡಿ ಡಬ್ಬಿಗೆ ಇನ್ನೊಂದು ಕೆಲಸವಿದೆ. ಶವದ ಅಚ್ಚನ್ನು ಹೋಲಿಸಿ ನೋಡಲು ಆ ವ್ಯಕ್ತಿ ಬದುಕಿದ್ದಾಗಿನ ಅಚ್ಚೂ ಬೇಕಲ್ಲ. 2022ರಲ್ಲಿ ಬಂದ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆ ನಾಫಿಸ್‌ನಲ್ಲಿರುವುದು ಅಪರಾಧ ಪ್ರಕರಣಗಳ ಅಚ್ಚುಗಳು. ಅಡಿಕೆ ಸುಲಿಯುತ್ತಿದ್ದ ಹೆಂಗಸು ಅದರಲ್ಲಿ ಎಲ್ಲಿರುತ್ತಾಳೆ? ಆಧಾರ್‌ನ ಬೆರಳಚ್ಚನ್ನು ಹಂಚಿಕೊಳ್ಳಲು ಕಾನೂನು ಬಿಡುವುದಿಲ್ಲ. ಹಾಗಾಗಿ ಆಕೆಯ ಮನೆಯ ಸ್ಟೀಲ್ ಲೋಟದಿಂದ, ಕನ್ನಡಿಯಿಂದ ಅಚ್ಚು ಎತ್ತಬೇಕು, ಅದೇ ಪುಡಿಯಿಂದ. ಮನೆಯೇ ಕೊಚ್ಚಿ ಹೋಗಿದ್ದರೆ ಸೊಸೈಟಿಯ ಸಾಲದ ಕಾಗದದ ಮೇಲಿನ ಹೆಬ್ಬೆಟ್ಟು ಒಂದೇ ಗತಿ. ಅದಕ್ಕೇ ಶವಾಗಾರದಲ್ಲಿ ನಾನು ಯಾವಾಗಲೂ ಎರಡು ಹೆಬ್ಬೆರಳುಗಳಿಂದ ಶುರುಮಾಡುತ್ತಿದ್ದೆ.