ಐದು ಗ್ಯಾಲನ್‌ನ ಬೋಟ್ ವಿಂಟರೈಸಿಂಗ್ ಕಿಟ್: ಕೊಳ್ಳುವ ಮೊದಲು ಥರ್ಮೋಸ್ಟಾಟ್ ಎಲ್ಲಿದೆ ನೋಡಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್, ಮಿನೆಸೋಟಾ ಕಡೆಯ ಬೋಟ್ ಸಾಮಾನಿನ ಅಂಗಡಿಗಳಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಝ್ (ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ದ್ರವ) ಕ್ಯಾನುಗಳನ್ನು ಬಾಗಿಲಲ್ಲೇ ಪೇರಿಸಿಟ್ಟಿರುತ್ತಾರೆ. ಪಕ್ಕದಲ್ಲೇ ಈ ವಿಂಟರೈಸಿಂಗ್ ಕಿಟ್, ಅಂದರೆ ಚಳಿಗಾಲದಲ್ಲಿ ಎಂಜಿನ್ ಒಳಗೆ ನೀರು ಹೆಪ್ಪುಗಟ್ಟದಂತೆ ಆ ದ್ರವ ತುಂಬಿಸುವ ಸಾಮಾನು. ಸುಮಾರು 19 ಲೀಟರ್ ಹಿಡಿಯುವ ಪ್ಲಾಸ್ಟಿಕ್ ತೊಟ್ಟಿ, ಬುಡದಲ್ಲೊಂದು ವಾಲ್ವ್, ಒಂದು ಪೈಪು, ಡ್ರೈವ್ (ಬೋಟಿನ ಹಿಂದೆ ಪ್ರೊಪೆಲ್ಲರ್ ಇರುವ ಭಾಗ) ನೀರು ಹೀರುವ ಜಾಗಕ್ಕೆ ಎರಡೂ ಬದಿಯಿಂದ ಕಚ್ಚಿಸುವ ರಬ್ಬರ್ ಬಟ್ಟಲುಗಳು, ಅಂದರೆ ಮಫ್ಸ್. ಒಂದೆರಡು ಕಂಪನಿಯ ಹೆಸರಲ್ಲಿ ಸಿಗುತ್ತದೆ, ಒಳಗಿರುವುದು ಒಂದೇ. ತೊಟ್ಟಿ ತುಂಬಿಸಿ, ಎಂಜಿನ್ ಶುರು ಮಾಡಿ, ಹಿಂದೆ ಗುಲಾಬಿ ಬಣ್ಣದ ನೀರು ಬಂದರೆ ಕೆಲಸ ಮುಗಿಯಿತು ಎಂಬುದು ಇದರ ಆಕರ್ಷಣೆ.

ತೊಟ್ಟಿ ಗಟ್ಟಿಯಾಗಿದೆ, ವಾಲ್ವ್ ಸೋರುವುದಿಲ್ಲ. ತಕರಾರು ಇರುವುದು ಆ ಕೊನೆಯ ಮಾತಿನ ಬಗ್ಗೆ.

ಆ ಕಡೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುವ 18–20 ಅಡಿಯ ಬೋಟುಗಳಲ್ಲಿ ಹೆಚ್ಚಾಗಿ ಮರ್ಕ್ರೂಸರ್ 3.0, 4.3 ಅಥವಾ 5.7 ಲೀಟರ್ ಎಂಜಿನ್ ಇರುತ್ತದೆ. ಸರೋವರದ ನೀರೇ ನೇರವಾಗಿ ಬ್ಲಾಕ್‌ನೊಳಗೆ (ಎಂಜಿನ್‌ನ ಎರಕದ ಮೈಯೊಳಗೆ) ಓಡಾಡಿ ಅದನ್ನು ತಂಪು ಮಾಡುತ್ತದೆ. ನೀರು ಹೆಪ್ಪುಗಟ್ಟಿದರೆ ಗಾತ್ರ ಸುಮಾರು 9 ಶೇಕಡಾ ಹಿಗ್ಗುತ್ತದೆ. ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಸೀಳುತ್ತದೆ. ಈ ಎಂಜಿನ್‌ನಲ್ಲಿ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಾನೇ ತೆರೆದುಕೊಳ್ಳುವ ವಾಲ್ವ್, ತೆರೆಯುವುದು ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್‌ಗೆ (71 ಸೆಲ್ಸಿಯಸ್). ಅದು ಮುಚ್ಚಿದ್ದಾಗ ಹೊರಗಿನಿಂದ ಬಂದ ನೀರು ಬ್ಲಾಕನ್ನು ಬಿಟ್ಟು ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಹೋಗುವ ಭಾಗ) ಮೂಲಕ ಸೀದಾ ಆಚೆ ಹೋಗುತ್ತದೆ. ತಣ್ಣನೆಯ ಎಂಜಿನ್‌ಗೆ ಕಿಟ್ ಹಚ್ಚಿದರೆ ಗುಲಾಬಿ ದ್ರವವೂ ಅದೇ ದಾರಿ ಹಿಡಿಯುತ್ತದೆ. ಹಿಂದೆ ಚೆನ್ನಾಗಿ ಗುಲಾಬಿ ನೊರೆ ಬರುತ್ತದೆ, ಬ್ಲಾಕ್ ತುಂಬ ಸರೋವರದ ನೀರು ಹಾಗೇ ನಿಂತಿರುತ್ತದೆ.

ಮೊದಲು ನಲ್ಲಿನೀರಿನಲ್ಲಿ ಬಿಸಿ ಮಾಡಿಕೊಂಡರಾಯಿತಲ್ಲ ಅನ್ನಬಹುದು. ಪೆಟ್ಟಿಗೆಯ ಮೇಲೂ ಹಾಗೇ ಬರೆದಿರುತ್ತದೆ. ಆದರೆ ಬಿಸಿ ಎಂಜಿನ್‌ಗೆ ತಣ್ಣನೆಯ ದ್ರವ ಬಿದ್ದ ಕೂಡಲೇ ಥರ್ಮೋಸ್ಟಾಟ್ ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆ ಇದ್ದೇ ಇದೆ. ತೊಟ್ಟಿ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತದೆ, ಅದು ಪುನಃ ತೆರೆಯುವವರೆಗೆ ಕಾಯುವುದಿಲ್ಲ. ಒಳಹೋದಷ್ಟು ದ್ರವವೂ ಅಲ್ಲಿದ್ದ ನೀರಿನ ಜೊತೆ ಬೆರೆಯುತ್ತದೆ. ಬಣ್ಣವನ್ನು ನಂಬುವಂತಿಲ್ಲ, ಅರ್ಧಕ್ಕರ್ಧ ನೀರು ಸೇರಿದರೂ ಗುಲಾಬಿ ಗುಲಾಬಿಯೇ.

ಆದ್ದರಿಂದ ಇಂಥ ಎಂಜಿನ್‌ಗೆ ಮೊದಲ ಕೆಲಸ ನೀರು ಬಸಿಯುವುದು. ಮಫ್ಸ್ ಹಾಕಿ 10–15 ನಿಮಿಷ ಓಡಿಸಿ. ಪೆಟ್ರೋಲ್‌ಗೆ ಅದು ಕೆಡದಂತೆ ಕಾಯುವ ಸ್ಟೆಬಿಲೈಸರ್ ಮೊದಲೇ ಬೆರೆಸಿದ್ದರೆ ಅದೂ ಇಂಜೆಕ್ಟರ್ ಅಥವಾ ಕಾರ್ಬ್ಯುರೇಟರ್‌ವರೆಗೆ ತಲುಪುತ್ತದೆ, ಬಿಸಿಯಾದ ಎಂಜಿನ್ ಆಯಿಲ್ಲೂ ಸಲೀಸಾಗಿ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ, ಕೈ ಸುಡದಷ್ಟು ಆರಿದ ಮೇಲೆ ವಿ-6, ವಿ-8 (4.3, 5.7 ಲೀಟರ್) ಆದರೆ ಬ್ಲಾಕ್‌ನ ಎರಡೂ ಪಕ್ಕದ ನೀರು ಬಸಿಯುವ ಪ್ಲಗ್, ಎರಡೂ ಮ್ಯಾನಿಫೋಲ್ಡ್‌ನ ಪ್ಲಗ್ ತೆಗೆಯಿರಿ. ಎಂಜಿನ್ ಒಳಗೆ ನೀರು ಸುತ್ತಿಸುವ ಸರ್ಕ್ಯುಲೇಟಿಂಗ್ ಪಂಪಿನ ಕೆಳಗಿನ ದಪ್ಪ ಹೋಸನ್ನೂ ಬಿಚ್ಚಿ. ಅನೇಕ ಮರ್ಕ್ರೂಸರ್‌ಗಳಲ್ಲಿ ಈ ಪ್ಲಗ್‌ಗಳು ನೀಲಿ ಪ್ಲಾಸ್ಟಿಕ್‌ನವು, ಕೈಯಲ್ಲೇ ತಿರುಗುತ್ತವೆ. ಎಷ್ಟು ತೆಗೆದಿರಿ ಎಂದು ಎಣಿಸಿ ಒಂದು ಡಬ್ಬಿಗೆ ಹಾಕಿಡಿ.

ಪ್ಲಗ್ ತೆಗೆದರೂ ನೀರು ಬರಲಿಲ್ಲ ಅಂದರೆ ಖಾಲಿ ಎಂದು ತಿಳಿಯಬೇಡಿ. ತುಕ್ಕಿನ ಚಕ್ಕೆ, ಮರಳು ಬಂದು ತೂತನ್ನು ಮುಚ್ಚಿರುತ್ತದೆ. ಗಟ್ಟಿ ತಂತಿ ಹಾಕಿ ಕೆದಕಿ. ಮೊದಲು ಕಂದು ಕೆಸರು ತೊಟ್ಟಿಕ್ಕುತ್ತದೆ, ಆಮೇಲೆ ಭರ್ರನೆ ನೀರು ಸುರಿಯುತ್ತದೆ. ವಸಂತದಲ್ಲಿ ಸೀಳಿದ ಬ್ಲಾಕ್ ಸಿಕ್ಕಿದ ಕಡೆ ಇದೊಂದು ಹೆಜ್ಜೆ ತಪ್ಪಿರುವುದೇ ಹೆಚ್ಚು.

ಬಸಿದ ಮೇಲೆ ಪ್ಲಗ್ ಹಾಕಿ, ಥರ್ಮೋಸ್ಟಾಟ್ ಹೌಸಿಂಗ್‌ನಿಂದ ಸರ್ಕ್ಯುಲೇಟಿಂಗ್ ಪಂಪಿಗೆ ಇಳಿಯುವ ಹೋಸನ್ನು ಮೇಲ್ತುದಿಯಲ್ಲಿ ಬಿಚ್ಚಿ, ಆಲಿಕೆಯಿಟ್ಟು ಬ್ಲಾಕ್ ತುಂಬುವವರೆಗೆ ದ್ರವ ಸುರಿಯಿರಿ. ಮ್ಯಾನಿಫೋಲ್ಡ್‌ಗಳಿಗೂ ಅವುಗಳ ಹೋಸ್‌ಗಳಿಂದ ಹೀಗೆಯೇ. ಎಂಜಿನ್ ಓಡಿಸುವುದೇ ಬೇಡ. ವಿ-8 ಆದರೆ ಐದು ಗ್ಯಾಲನ್ ಸಾಲದೆ ಬಂದೀತು, ಆರು ಇಟ್ಟುಕೊಂಡಿರಿ. ಇಷ್ಟೆಲ್ಲ ಕೈಯಿಂದಲೇ ಮಾಡಿದ ಮೇಲೆ ಕಿಟ್‌ಗೆ ಏನು ಕೆಲಸ ಉಳಿಯಿತು? ಆಲಿಕೆಯ ಬೆಲೆ ಅದರ ಬೆಲೆಯ ಹತ್ತಿರವೂ ಬರುವುದಿಲ್ಲ.

ದ್ರವದ ವಿಷಯದಲ್ಲಿ ಮಾತ್ರ ಕಾಸು ನೋಡಬೇಡಿ. ಕ್ಯಾನಿನ ಮೇಲಿನ ಮೈನಸ್ 50 ಎನ್ನುವುದು ಪೈಪು ಒಡೆಯದ ಮಿತಿ, ಅದೂ ಫ್ಯಾರನ್‌ಹೀಟ್‌ನಲ್ಲಿ, ಅದೂ ಒಂದು ತೊಟ್ಟು ನೀರು ಸೇರದಿದ್ದರೆ. ದ್ರವ ಅದಕ್ಕಿಂತ ಬಹಳ ಮೊದಲೇ ಮಂಜಿನ ಗಂಜಿಯಾಗಲು ಶುರುವಾಗುತ್ತದೆ. ಎಂಜಿನ್‌ಗೆ ಮೈನಸ್ 100ರದ್ದು ಒಳ್ಳೆಯದು. ಎಲ್ಲೋ ಮೂಲೆಯಲ್ಲಿ ಉಳಿದ ನೀರನ್ನು ತಾಳಿಕೊಳ್ಳುತ್ತದೆ. ಅಗ್ಗದ ಮೈನಸ್ 50 ಕ್ಯಾನುಗಳಲ್ಲಿ ಕೆಲವಕ್ಕೆ ಎಥನಾಲ್ ಬೆರೆಸಿರುತ್ತಾರೆ. ಅದು ರಬ್ಬರನ್ನು ಒಣಗಿಸುತ್ತದೆ, ಇಂಪೆಲ್ಲರ್‌ಗೂ (ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ) ಟಾಯ್ಲೆಟ್‌ನ ವಾಲ್ವ್‌ಗೂ ಆಗಿಬರುವುದಿಲ್ಲ. ಹಿಂಬದಿಯ ಚೀಟಿಯಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ ಇದೆಯೇ ಓದಿ. ಕಾರಿನ ಹಸಿರು ಕೂಲೆಂಟ್ ಎಥಿಲೀನ್ ಗ್ಲೈಕಾಲ್, ವಿಷ. ಸರೋವರಕ್ಕೆ ಹೋಗುವ ಜಾಗಕ್ಕೆ ಅದನ್ನು ಹಾಕಲೇಬಾರದು.

ಹಾಗಾದರೆ ಈ ಕಿಟ್ ಯಾರಿಗೆ? ಹಾಯಿದೋಣಿಯ ಸಣ್ಣ ಡೀಸೆಲ್‌ನಂಥ, ಒಳಗಡೆ ಬೇರೆ ಕೂಲೆಂಟ್ ಸುತ್ತುವ ಎಂಜಿನ್ ಇರುವವರಿಗೆ ಇದು ನಿಜಕ್ಕೂ ಹೊಂದುತ್ತದೆ. ಅಲ್ಲಿ ಹೊರನೀರಿನ ದಾರಿಯಲ್ಲಿ ಥರ್ಮೋಸ್ಟಾಟೇ ಇಲ್ಲ. ಸೀಕಾಕ್ (ಹೊರನೀರು ಒಳಬರುವಲ್ಲಿನ ವಾಲ್ವ್) ಮುಚ್ಚಿ, ಪಂಪಿನತ್ತ ಹೋಗುವ ಹೋಸಿಗೆ ತೊಟ್ಟಿಯ ಪೈಪು ಸೇರಿಸಿ ಓಡಿಸಿದರೆ ಹೀರಿಕೊಂಡದ್ದೆಲ್ಲ ಹೀಟ್ ಎಕ್ಸ್‌ಚೇಂಜರ್ (ಹೊರನೀರು ಕೂಲೆಂಟನ್ನು ತಂಪು ಮಾಡುವ ಭಾಗ) ಹಾದು ಹೊರಬರುತ್ತದೆ. ಸಣ್ಣ ಡೀಸೆಲ್‌ಗೆ ಒಂದೆರಡು ಗ್ಯಾಲನ್ ಸಾಕು. ತೊಟ್ಟಿ ಖಾಲಿಯಾಗುವ ಮುಂಚೆ ಎಂಜಿನ್ ನಿಲ್ಲಿಸಿ, ಇಂಪೆಲ್ಲರ್ ಒಣಗಿ ಓಡಬಾರದು. ಒಳಗಿನ ಕೂಲೆಂಟ್ ಚಳಿಗೆ ತಕ್ಕಷ್ಟಿದೆಯೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕು.

ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗೇ ತೂಗುಹಾಕುವ ಮೋಟಾರ್, ಇರುವವರು ಕಿಟ್ ಕೊಳ್ಳಲೇಬೇಡಿ. ಮೋಟಾರನ್ನು ನೆಟ್ಟಗೆ ಇಳಿಸಿಟ್ಟರೆ ನೀರು ತಾನೇ ಇಳಿದುಹೋಗುತ್ತದೆ. ಆ ದುಡ್ಡಿಗೆ ಗಿಯರ್ ಆಯಿಲ್ ಮತ್ತು ಪ್ಲಗ್‌ನ ಹೊಸ ವಾಷರ್ ತನ್ನಿ. ಹಳೆಯ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ, ಒಳಗೆ ನೀರಿದೆ. ಹಾಗೇ ಬಿಟ್ಟರೆ ಕೇಸಿಂಗ್ ಸೀಳುತ್ತದೆ. ಹೊಸತನ್ನು ಕೆಳಗಿನ ತೂತಿನಿಂದ ಪಂಪು ಮಾಡಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ. ಸ್ಟರ್ನ್‌ಡ್ರೈವ್‌ಗೂ (ಎಂಜಿನ್ ಒಳಗೆ, ಡ್ರೈವ್ ಹೊರಗೆ ಇರುವ ಬೋಟಿನದು) ಗಿಯರ್ ಆಯಿಲ್ ಬದಲಾವಣೆ ತಪ್ಪುವುದಿಲ್ಲ, ಅದನ್ನೂ ಚಳಿಗಾಲವಿಡೀ ಕೆಳಕ್ಕೆ ಇಳಿಸಿಯೇ ಇಡಬೇಕು.

ಮಲ್ಪೆ, ಮಂಗಳೂರಿನ ದಕ್ಕೆಯಲ್ಲಿ ಜೂನ್–ಜುಲೈ ರಜೆಗೆ ಬೋಟು ಕಟ್ಟಿಡುವವರಿಗೆ ಇದಾವುದರ ಕಾಟವೂ ಇಲ್ಲ. ಆದರೆ ಬ್ಯಾಟರಿಯ ಮಾತು ಇಲ್ಲೂ ಅಲ್ಲೂ ಒಂದೇ: ಪೂರ್ತಿ ಚಾರ್ಜ್ ಮಾಡಿ ಕನೆಕ್ಷನ್ ಬಿಚ್ಚಿಡಿ. ತುಂಬಿದ ಲೆಡ್-ಆಸಿಡ್ ಬ್ಯಾಟರಿ ಮಿಷಿಗನ್ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಮೈನಸ್ 7–8 ಸೆಲ್ಸಿಯಸ್‌ಗೇ ಒಡೆಯಬಹುದು.

ವಸಂತದಲ್ಲಿ ಮೊದಲ ಸಲ ಎಂಜಿನ್ ಶುರು ಮಾಡುವುದು ನೆಲದ ಮೇಲೆಯೇ ಇರಲಿ, ಡ್ರೈವ್‌ನ ಕೆಳಗೊಂದು ದೊಡ್ಡ ಟಬ್ ಇಟ್ಟು. ಗುಲಾಬಿ ದ್ರವ ಅಷ್ಟೇನೂ ವಿಷವಲ್ಲವಾದರೂ ಕೊಳೆಯುವಾಗ ನೀರಿನ ಆಮ್ಲಜನಕ ಹೀರುತ್ತದೆ, ಸರೋವರಕ್ಕೆ ಬಿಡುವಂಥದ್ದಲ್ಲ. ಕಿಟ್ ಕೊಂಡವರಿಗೆ ಅದರ ತೊಟ್ಟಿ ಆಗ ಹಿಡಿದದ್ದನ್ನು ಸುರಿದಿಡಲು ಒದಗುತ್ತದೆ.